ವಂಶ ಹುಡುಕುವವರಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು: ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ

ಅಜ್ಜನ ಅಪ್ಪನ ಹೆಸರಿನವರೆಗೆ ಹೇಗೋ ಗೊತ್ತಿರುತ್ತದೆ. ಅದರಾಚೆ ಕೇಳಿದರೆ ಮನೆಯ ಹಿರಿಯರು ‘ನಮ್ಮ ಮೂಲ ಬೇರೆ ಊರು, ಬರಗಾಲಕ್ಕೆ ಇಲ್ಲಿಗೆ ಬಂದವರಂತೆ’ ಎಂದು ಮಾತು ಮುಗಿಸುತ್ತಾರೆ. ಆಮೇಲೆ ಹೆಚ್ಚಿನವರು ಫ್ಯಾಮಿಲಿಸರ್ಚ್, ಆನ್ಸೆಸ್ಟ್ರಿ, ಮೈಹೆರಿಟೇಜ್‌ನಂಥ ಜಾಲತಾಣಗಳಲ್ಲಿ ಹೆಸರು ಹಾಕಿ ಹುಡುಕುತ್ತಾರೆ. ಅಲ್ಲಿ ಏನೂ ಸಿಗದಾಗ ‘ನಮ್ಮಲ್ಲಿ ದಾಖಲೆಯೇ ಇಲ್ಲ’ ಎಂದು ಕೈಬಿಡುತ್ತಾರೆ. ಇದು ತಪ್ಪು ತೀರ್ಮಾನ. ಆ ತಾಣಗಳಿಗೆ ಆಧಾರ ಚರ್ಚಿನ ವಹಿ, ಮನೆವಾರು ಜನಗಣತಿ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿ. ನಮ್ಮಲ್ಲಿ ಜನಗಣತಿಯ ಮನೆವಾರು ವಿವರ 1948ರ ಜನಗಣತಿ ಕಾಯ್ದೆಯ ಪ್ರಕಾರ ಗೋಪ್ಯ, ಯಾರಿಗೂ ತೋರಿಸುವಂತಿಲ್ಲ. ನಮ್ಮ ಹಿರಿಯರ ಹೆಸರು ಸರ್ಕಾರದ ಪುಸ್ತಕಕ್ಕೆ ಏರಿದ್ದು ಹುಟ್ಟಿದಾಗಲೂ ಅಲ್ಲ, ಮದುವೆಯಾದಾಗಲೂ ಅಲ್ಲ, ಕಂದಾಯ ಕಟ್ಟಿದಾಗ. ಹಾಗಾಗಿ ಭೂಮಿ ಇದ್ದ, ಗೇಣಿ ಮಾಡಿದ, ಇಲ್ಲವೇ ಊರ ಚಾಕರಿ ಮಾಡಿದ ಕುಟುಂಬಕ್ಕೆ ಕರ್ನಾಟಕದಲ್ಲಿ ಇರುವ ಅತ್ಯುತ್ತಮ ವಂಶಶೋಧನೆಯ ಸೇವೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಅದರ ಬಾಗಿಲಿಗೆ ಕೀಲಿ ಕಂದಾಯ ಇಲಾಖೆಯ ಭೂದಾಖಲೆಗಳ ‘ಭೂಮಿ’ ಜಾಲತಾಣ. ಇವೆರಡೂ ವಂಶ ಹುಡುಕುವವರಿಗೆಂದು ಮಾಡಿದವಲ್ಲ. ಆದ್ದರಿಂದ ಎಲ್ಲಿ ಕೈಹಿಡಿಯುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಯಲಿ. ನಾಡಕಚೇರಿಯಲ್ಲಿ ಕೊಡುವ ‘ವಂಶವೃಕ್ಷ ದೃಢೀಕರಣ ಪತ್ರ’ ಈ ಕೆಲಸಕ್ಕೆ ಬರುವುದಿಲ್ಲ. ಅದು ವಾರಸುದಾರರನ್ನು ಗುರುತಿಸಲು ಅರ್ಜಿದಾರರ ಪ್ರಮಾಣಪತ್ರ ಮತ್ತು ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಹೆಸರು ಗ್ರಾಮ ಲೆಕ್ಕಾಧಿಕಾರಿ) ವರದಿಯ ಮೇಲೆ ಕೊಡುವ ಪತ್ರ. ನೀವು ಹೇಳಿದ್ದನ್ನೇ ಅದು ನಿಮಗೆ ಮರಳಿ ಹೇಳುತ್ತದೆ. ನಮಗೆ ಬೇಕಾದದ್ದು ಆ ಕಾಲದಲ್ಲೇ, ಬೇರೆ ಕೆಲಸಕ್ಕಾಗಿ, ಬೇರೆಯವರ ಕೈಯಲ್ಲಿ ಬರೆಸಿಕೊಂಡ ದಾಖಲೆ.

ಭೂಮಿ ತಾಣದಲ್ಲಿ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ವಿವರದ ಪತ್ರ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ (ಪಾಲಿನ ಸಂಖ್ಯೆ), ಅವಧಿ ಕೊಡಬೇಕು. ಸರ್ನಾಕ್ ಎಂದಿರುವ ಕಡೆ ಸಾಮಾನ್ಯವಾಗಿ ಬರೀ ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಊರಲ್ಲಿರುವ ದಾಯಾದಿಗಳ ಪಹಣಿ ಕೇಳಿ, ಮನೆಯ ಟ್ರಂಕಿನಲ್ಲಿರುವ ಕಂದಾಯ ರಸೀದಿ, ಪಟ್ಟಾ ಪುಸ್ತಕ, ಸೊಸೈಟಿ ಸಾಲದ ಕಾಗದ ತೆಗೆದು ನೋಡಿ. ಈಗ ಜಮೀನು ಬೇರೆಯವರ ಪಾಲಾಗಿದ್ದರೂ ಪರವಾಗಿಲ್ಲ. ಒಡೆಯ ಬದಲಾಗುತ್ತಾನೆ, ನೆಲ ಇದ್ದಲ್ಲೇ ಇರುತ್ತದೆ. ಈ ಇಡೀ ವಿಧಾನ ನಿಂತಿರುವುದು ಇದೊಂದರ ಮೇಲೆ.

ಪಹಣಿಯಲ್ಲಿ ವಂಶ ಹುಡುಕುವವರು ನೋಡಬೇಕಾದದ್ದು 9 ಮತ್ತು 10ನೇ ಕಾಲಂ. 9ರಲ್ಲಿ ಖಾತೆದಾರನ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖಾತೆ ಸಂಖ್ಯೆ. ಹಳೇ ಮೈಸೂರು ಕಡೆ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಉತ್ತರ ಕರ್ನಾಟಕದ ಪಹಣಿಯಲ್ಲಿ ಅದೇ ಜಾಗಕ್ಕೆ ‘ತಂದೆ’, ‘ಗಂಡ’ ಎಂದು ಬರುತ್ತದೆ. 10ನೇ ಕಾಲಂ ಇನ್ನೂ ಮುಖ್ಯ: ಜಮೀನು ಹೇಗೆ ಬಂತು ಎಂಬುದನ್ನು ಅಲ್ಲಿ ಒಂದು ಪದ, ಒಂದು ಸಂಖ್ಯೆಯಲ್ಲಿ ಬರೆದಿರುತ್ತಾರೆ. ‘ಪೌತಿ’ ಎಂದರೆ ಖಾತೆದಾರ ತೀರಿಕೊಂಡು ವಾರಸುದಾರರಿಗೆ ಬಂದದ್ದು. ‘ವಿಭಾಗ’ ಎಂದರೆ ಅಣ್ಣತಮ್ಮಂದಿರ ಪಾಲು. ‘ಕ್ರಯ’ ಎಂದರೆ ಕೊಂಡದ್ದು. ಅಲ್ಲಿ ರಕ್ತಸಂಬಂಧದ ಎಳೆ ತುಂಡಾಗಿ ಮಾರಿದವರ ಮನೆತನ ಶುರುವಾಗುತ್ತದೆ. ಪಕ್ಕದಲ್ಲಿ ‘ಎಂ.ಆರ್. 7/1968-69’ ಎಂಬಂತೆ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ವಹಿಯ ಸಂಖ್ಯೆ ಇರುತ್ತದೆ. ನೀವು ಹುಡುಕುತ್ತಿರುವ ನಿಧಿಯ ಗುರುತು ಆ ಸಂಖ್ಯೆ.

ಇದನ್ನು ಹತ್ತಿರದಿಂದ ನೋಡೋಣ. ಸರ್ವೆ ನಂಬರ್ 45 ಎಂದಿಟ್ಟುಕೊಳ್ಳಿ, ಒಟ್ಟು 4 ಎಕರೆ. ಈಗ ಅದು 45/1, 45/2, 45/3 ಎಂದು ಒಡೆದಿದೆ. ಮೊದಲ ಎರಡರ ವಿಸ್ತೀರ್ಣ 1 ಎಕರೆ 13 ಗುಂಟೆ 5 ಆಣೆ, ಮೂರನೆಯದು 1 ಎಕರೆ 13 ಗುಂಟೆ 6 ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಕೂಡಿದರೆ ಸರಿಯಾಗಿ 4 ಎಕರೆ. 160 ಗುಂಟೆಯನ್ನು ಮೂರು ಪಾಲು ಮಾಡಿ, ಉಳಿದ ಒಂದು ಆಣೆಯನ್ನು ಕೊನೆಯವನಿಗೆ ಸೇರಿಸಿದ್ದಾರೆ. ಅಂದರೆ ಹೆಸರು ಓದುವ ಮೊದಲೇ ಗೊತ್ತಾಗುತ್ತದೆ: ಇಲ್ಲಿ ಸಮಪಾಲಿನ ಮೂರು ಕವಲುಗಳಿವೆ. ಮೂವರು ಅಣ್ಣತಮ್ಮಂದಿರು ಎಂದು ತಕ್ಷಣ ಬರೆದುಕೊಳ್ಳಬೇಡಿ. ಒಂದು ಪಾಲು ತೀರಿಹೋದ ಅಣ್ಣನ ಮಕ್ಕಳಿಗೆ ಜಂಟಿಯಾಗಿ ಬಂದಿರಬಹುದು. ಅದು ಗೊತ್ತಾಗುವುದು ಎಂ.ಆರ್. 7/1968-69ರ ನಕಲು ಕೈಗೆ ಬಂದಾಗ. ಅದರಲ್ಲಿ ‘ರಾಮಣ್ಣ ಬಿನ್ ಕೆಂಚಣ್ಣ’ನ ಖಾತೆಯಿಂದ ಯಾರ ಯಾರ ಹೆಸರಿಗೆ ಎಷ್ಟೆಷ್ಟು ಹೋಯಿತು ಎಂದಿರುತ್ತದೆ. ಒಂದೇ ಹೆಸರು ಗೊತ್ತಿದ್ದವರಿಗೆ ಎರಡು ತಲೆಮಾರು, ಮೂರು ಕವಲು ಸಿಕ್ಕಂತಾಯಿತು. ಸರ್ವೆ ಕಚೇರಿಯಲ್ಲಿರುವ ಹಿಸ್ಸಾ ಟಿಪ್ಪಣಿಯನ್ನೂ ತೆಗೆಸಿ. ಪೋಡಿ ಮಾಡಿದ, ಅಂದರೆ ಅಳೆದು ಪಾಲು ಬೇರ್ಪಡಿಸಿದ ದಿನ ಯಾರ ಪಾಲು ಯಾವ ದಿಕ್ಕಿಗಿತ್ತು ಎಂಬುದು ಅಲ್ಲಿ ನಕ್ಷೆಯ ಸಮೇತ ಇರುತ್ತದೆ.

ಆನ್‌ಲೈನ್ ಸೌಲಭ್ಯದ ಮಿತಿ ಇಲ್ಲಿಂದ ಶುರು. ಕಂಪ್ಯೂಟರ್ ಪಹಣಿ ಬಂದದ್ದು ಸುಮಾರು 2000ದ ಹೊತ್ತಿಗೆ. ಅದರ ಹಿಂದಿನದೆಲ್ಲ ಕೈಬರಹ, ಅದಿರುವುದು ರೆಕಾರ್ಡ್ ರೂಮಿನಲ್ಲಿ. ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಿಂದ ನಡೆಯುತ್ತಿದೆ. ಪುಡಿಪುಡಿಯಾಗುತ್ತಿರುವ ಕಾಗದಗಳನ್ನು ನೋಡಿದ ಯಾರಿಗಾದರೂ ಇದು ಎಷ್ಟು ತುರ್ತಿನ ಕೆಲಸ ಎಂದು ಗೊತ್ತು. ನಿಮ್ಮ ಗ್ರಾಮದ ಕಡತ ಸ್ಕ್ಯಾನ್ ಆಗಿದೆಯೇ ಎಂದು ಮೊದಲು ವಿಚಾರಿಸಿ, ಆಗಿದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಅರ್ಜಿ ಬರೆಯುವ ರೀತಿಯಲ್ಲೇ ಗೆಲುವು ಸೋಲು ಎರಡೂ ಇದೆ. ‘ನಮ್ಮ ಮುತ್ತಾತನ ದಾಖಲೆ ಕೊಡಿ’ ಎಂದು ಬರೆದರೆ ಸಿಗುವುದು ‘ಲಭ್ಯವಿಲ್ಲ’ ಎಂಬ ಹಿಂಬರಹ (ಎಂಡಾರ್ಸ್‌ಮೆಂಟ್) ಮಾತ್ರ. ಕೊಠಡಿಯಲ್ಲಿ ಕಡತ ಜೋಡಿಸಿರುವುದು ಗ್ರಾಮ ಮತ್ತು ವರ್ಷದ ಮೇಲೆ, ಮನೆತನದ ಮೇಲೆ ಅಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರ್, ದಾಖಲೆಯ ಹೆಸರು, ವರ್ಷ ಇಷ್ಟನ್ನೂ ಬರೆದು ದೃಢೀಕೃತ ನಕಲು ಕೇಳಿ. ಪಹಣಿಯನ್ನು ಒಂದೊಂದು ವರ್ಷದ್ದಾಗಿ ಕೇಳದೆ ‘1967-68ರಿಂದ 1999-2000ದವರೆಗಿನ ಕೈಬರಹದ ಪಹಣಿ’ ಎಂದು ಒಟ್ಟಿಗೆ ಕೇಳಿದರೆ ಹೆಸರು ಯಾವ ವರ್ಷ ಬದಲಾಯಿತು ಎಂದು ನೀವೇ ಪತ್ತೆ ಮಾಡಬಹುದು. ಹಳೇ ಮೈಸೂರು ಭಾಗದಲ್ಲಿ ಇದಕ್ಕೂ ಹಿಂದಕ್ಕೆ ಹೋಗಲು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಕೇಳಬೇಕು. ಕಚೇರಿಯಲ್ಲಿ ಇವನ್ನು ‘ಐ.ಎಲ್.’, ‘ಆರ್.ಆರ್.’ ಎಂದೇ ಕರೆಯುತ್ತಾರೆ, ನೀವೂ ಹಾಗೇ ಬರೆಯಿರಿ. ಅದರ ಹಿಂದೆ ಸೆಟ್ಲ್‌ಮೆಂಟ್ (ಕಂದಾಯ ನಿಗದಿ) ಕಾಲದ ಖೇತವಾರು, ಅಂದರೆ ಜಮೀನುವಾರು ವಹಿ ಇರುತ್ತದೆ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, ಪುಟಕ್ಕೆ 2 ರೂಪಾಯಿ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮೀರಿ ಬರೆದು ತಿರಸ್ಕಾರ ಮಾಡಿಸಿಕೊಳ್ಳುವವರೇ ಬಹಳ.

ದಾರಿ ಮುಚ್ಚಿದಂತೆ ಕಾಣುವುದಕ್ಕೆ ನಾಲ್ಕೈದು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ. ಅತಿ ಸಾಮಾನ್ಯವಾದದ್ದು ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ‘ರಾಮಣ್ಣ ಬಿನ್ ಕೆಂಚಣ್ಣ’, ‘ಕೆಂಚಣ್ಣ ಬಿನ್ ರಾಮಣ್ಣ’, ಮತ್ತೆ ‘ರಾಮಣ್ಣ ಬಿನ್ ಕೆಂಚಣ್ಣ’. ನೂರು ವರ್ಷದಲ್ಲಿ ಇಬ್ಬರು ರಾಮಣ್ಣರು ಒಬ್ಬನೇ ಆಗಿ ಕಂಡು ಮಧ್ಯದ ಎರಡು ತಲೆಮಾರು ಮಾಯವಾಗುತ್ತವೆ. ಒಂದೇ ಹೆಸರಿನ ಖಾತೆ ಐವತ್ತು ಅರವತ್ತು ವರ್ಷ ಓಡಿದ್ದರೆ ಅನುಮಾನ ಪಡಿ, ನಡುವೆ ಪೌತಿ ಎಂ.ಆರ್. ಇದೆಯೇ ಎಂದು ಹುಡುಕಿ. ಎರಡನೆಯದು, ಪೌತಿಯ ವರ್ಷವನ್ನೇ ಸಾವಿನ ವರ್ಷ ಎಂದುಕೊಳ್ಳುವುದು. ಖಾತೆ ಬದಲಾವಣೆಗೆ ಮನೆಯವರು ಅರ್ಜಿ ಕೊಟ್ಟಾಗ ಮಾತ್ರ ಅದು ಆಗುತ್ತದೆ. ಸಾಲ ಬೇಕಾದಾಗ, ಜಗಳವಾದಾಗ, ರಸ್ತೆಗೆ ಜಮೀನು ಹೋದಾಗ ಇಪ್ಪತ್ತು ಮೂವತ್ತು ವರ್ಷದ ಹಿಂದೆ ಸತ್ತವರ ಹೆಸರು ತೆಗೆಸುತ್ತಾರೆ. ಮೂರನೆಯದು ದತ್ತು ಮತ್ತು ಮನೆ ಅಳಿಯ. ದತ್ತು ಹೋದವನ ‘ಬಿನ್’ ಬದಲಾಗುತ್ತದೆ. ಗಂಡು ಮಕ್ಕಳಿಲ್ಲದ ಮನೆಗೆ ಬಂದ ಅಳಿಯನ ಹೆಸರು ಮಾವನ ಜಮೀನಿನಲ್ಲಿ ಕೂರುತ್ತದೆ, ಆದರೆ ಅವನ ತಂದೆ ಬೇರೆ ಊರಿನವನು. ‘ಮೂಲ ಊರು ಬೇರೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇಂಥ ಒಬ್ಬ ಅಳಿಯ ಇರುತ್ತಾನೆ. ದತ್ತಿನ ಸುಳಿವು ದತ್ತಕ ಪತ್ರದಲ್ಲಿ, ಅಳಿಯನ ಸುಳಿವು ಮಾವ ಬರೆದ ದಾನಪತ್ರ ಅಥವಾ ಉಯಿಲಿನಲ್ಲಿ.

ಊರೇ ಬೇರೆ ಆಡಳಿತಕ್ಕೆ ಸೇರಿದ್ದರಂತೂ ಹುಡುಕುವ ಬಾಗಿಲೇ ಬೇರೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಯಪುರದ ಹಳೇ ಕಾಗದಗಳಲ್ಲಿ ಮೋಡಿ ಲಿಪಿ, ಬೀದರ್, ಕಲಬುರಗಿ, ರಾಯಚೂರು ಕಡೆ ಉರ್ದು ಬರುತ್ತದೆ. ಓದಲು ಬಾರದ್ದನ್ನು ‘ದಾಖಲೆ ಇಲ್ಲ’ ಎಂದು ತಳ್ಳಿಹಾಕಬೇಡಿ. ನಕಲು ತೆಗೆದುಕೊಂಡು ಓದುವವರ ಬಳಿ ಹೋಗಿ. ಹೊಸದಾಗಿ ಆದ ತಾಲ್ಲೂಕಿನವರು ಹಳೇ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲೂ ಕೇಳಬೇಕು. ಲಿಂಗನಮಕ್ಕಿ, ಆಲಮಟ್ಟಿಯಂಥ ಮುಳುಗಡೆಯ ಊರಿನವರಿಗೆ ಭೂಸ್ವಾಧೀನದ ಅವಾರ್ಡ್ ಕಡತವೇ ಊರು. ಪರಿಹಾರಕ್ಕಾಗಿ ಮನೆಮನೆಯ ವಾರಸುದಾರರನ್ನು ಅಲ್ಲಿ ಬರೆದಿರುತ್ತಾರೆ.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಅಲ್ಲಿ ಹಿಂದೆ ಆಸ್ತಿ ಹರಿಯುತ್ತಿದ್ದುದು ತಾಯಿಯ ಕಡೆಯಿಂದ. ಯಜಮಾನನ ನಂತರ ಬರುವ ಹೆಸರು ಮಗನದಲ್ಲ, ತಮ್ಮನದು ಅಥವಾ ಅಕ್ಕತಂಗಿಯ ಮಗನದು. ಹೆಸರುಗಳನ್ನು ಮೇಲಿಂದ ಕೆಳಗೆ ಅಪ್ಪ–ಮಗ ಎಂದು ಓದಿಕೊಂಡರೆ ಇಡೀ ವಂಶವೃಕ್ಷ ಸುಳ್ಳಾಗುತ್ತದೆ. ಇಂಥ ಕುಟುಂಬಗಳು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಮಾಡಿಕೊಂಡ ವಿಭಾಗ ಪತ್ರಗಳನ್ನು ಹುಡುಕಬೇಕು. ಪಾಲು ಹೋಗುವುದು ಕವರು ಕವರಾಗಿ; ಕವರು ಎಂದರೆ ಒಬ್ಬ ಹೆಂಗಸಿನಿಂದ ಹೆಣ್ಣುಮಕ್ಕಳ ಮೂಲಕ ಬೆಳೆದ ಕವಲು. ಪ್ರತಿ ಕವರಿನ ಮೂಲ ಹೆಂಗಸಿನ ಹೆಸರು ಅಲ್ಲಿ ಇರುತ್ತದೆ. ರಾಜ್ಯದ ಬೇರೆಲ್ಲ ಕಡೆ ಹೆಂಗಸರ ಹೆಸರಿಗಾಗಿ ಪರದಾಡುವವರಿಗೆ ಇದು ಅಸೂಯೆ ತರಿಸುವಷ್ಟು ಸಮೃದ್ಧ ದಾಖಲೆ.

ಹೆಂಗಸರ ವಿಷಯದಲ್ಲಿ ರೆಕಾರ್ಡ್ ರೂಮು ನಿಜಕ್ಕೂ ಬಡವಾಗಿದೆ, ಇದು ಅದರ ದೊಡ್ಡ ಕೊರತೆ. ವಿಧವೆಯಾದಾಗ, ಮೈನರ್ ಮಗನ ಗಾರ್ಡಿಯನ್ ಆದಾಗ ಮಾತ್ರ ತಾಯಿಯ ಹೆಸರು ಕಾಣುತ್ತದೆ. ಹೆಣ್ಣುಮಕ್ಕಳು ಕಾಣುವುದೇ ಇಲ್ಲ. ಇದಕ್ಕೆ ಮದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ ಬಂದ 1994ರ ತಿದ್ದುಪಡಿ, ದೇಶಕ್ಕೆಲ್ಲ ಬಂದ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಕೊಟ್ಟವು. ಅಲ್ಲಿಂದ ಮುಂದೆ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಪಾಲು ಬಿಟ್ಟುಕೊಟ್ಟ ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳತೊಡಗಿದರು. ಆ ಪತ್ರದಲ್ಲಿ ಪ್ರತಿಯೊಬ್ಬಳ ವಯಸ್ಸು, ಗಂಡನ ಹೆಸರು, ಕೊಟ್ಟ ಊರು ಇರುತ್ತದೆ. ಅವರ ಪಾಲಿನ ಮಟ್ಟಿಗೆ ಅದು ಒಳ್ಳೆಯ ಕಾಗದ ಅಲ್ಲದಿರಬಹುದು, ವಂಶ ಹುಡುಕುವವರಿಗೆ ಅಷ್ಟೂ ಕವಲುಗಳ ವಿಳಾಸ ಅದೇ. ನೋಂದಣಿ ಕಚೇರಿಯಲ್ಲಿ ಹುಡುಕುವಾಗ ನೆನಪಿಡಿ: ಇಂಡೆಕ್ಸ್ 1 ವ್ಯಕ್ತಿಯ ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿಯ ಮೇಲೆ. ಇಲ್ಲೂ ಆಸ್ತಿಯ ಮೇಲೆ ಹುಡುಕಿದವರಿಗೇ ಬೇಗ ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇ.ಸಿ. (ಋಣಭಾರ ಪತ್ರ) 2004ರಿಂದ ಈಚೆಗೆ ಸುಲಭ, ಅದರ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕ ತೆಗೆಸಬೇಕು.

ಜಮೀನೇ ಇರಲಿಲ್ಲ ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಾರದು. ರೆಕಾರ್ಡ್ ರೂಮಿನ ಅತ್ಯಂತ ವಿವರವಾದ ವಂಶಾವಳಿಗಳು ಎಷ್ಟೋ ಸಲ ಇರುವುದು ಅವರದೇ ಕಡತಗಳಲ್ಲಿ. ಊರ ಚಾಕರಿಗೆ ಪ್ರತಿಯಾಗಿ ಕೊಟ್ಟಿದ್ದ ತೋಟಿ, ತಳವಾರ, ನೀರಗಂಟಿ ಇನಾಮು ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಸರ್ಕಾರಕ್ಕೆ ಸೇರಿದವು. ಚಾಕರಿ ಮಾಡುತ್ತಿದ್ದ ಮನೆಯವರು ರೀಗ್ರಾಂಟ್‌ಗೆ (ಮರುಮಂಜೂರಾತಿಗೆ) ಅರ್ಜಿ ಹಾಕಿದರು. ಚಾಕರಿ ಸರದಿಯಲ್ಲಿ ಯಾರಿಂದ ಯಾರಿಗೆ ಬಂತು ಎಂದು ತೋರಿಸಬೇಕಾದ ಕಾರಣ ಆ ಕಡತಗಳಲ್ಲಿ ತಲೆಮಾರುಗಳ ಹೇಳಿಕೆ ಇರುತ್ತದೆ. ಗೇಣಿದಾರರಿಗೆ ಉಳುವ ಜಮೀನಿನ ಹಕ್ಕು ಕೇಳಿದ ಭೂಸುಧಾರಣೆಯ ಫಾರಂ ನಂಬರ್ 7 ಇದೆ. 1974ರ ತಿದ್ದುಪಡಿಯ ನಂತರ 1979ರ ಜೂನ್ 30ರವರೆಗೆ ಕೊಟ್ಟ ಅರ್ಜಿಗಳು, ಭೂನ್ಯಾಯ ಮಂಡಳಿಯ ಮುಂದೆ ‘ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇವೆ’ ಎಂದು ಕೊಟ್ಟ ಹೇಳಿಕೆಗಳು, ಸಾಕ್ಷಿಗಳು ಅದರ ಜೊತೆಗಿರುತ್ತವೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈತಪ್ಪಿ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಮೊಮ್ಮಕ್ಕಳು ಮರಳಿ ಕೇಳಿದ ಪ್ರಕರಣಗಳಲ್ಲಿ ಮೂಲ ಮಂಜೂರಿದಾರನಿಂದ ಅರ್ಜಿದಾರನವರೆಗೆ ಸಂಬಂಧ ತೋರಿಸಿರುತ್ತಾರೆ. ಇವು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಇರುತ್ತವೆ. ಅಪ್ಪಅಜ್ಜಂದಿರ ಮಾತು ಅವರದೇ ಬಾಯಿಂದ ಬಂದಂತೆ ಸಿಗುವ ಜಾಗಗಳು ಇಡೀ ಕಂದಾಯ ಇಲಾಖೆಯಲ್ಲಿ ಇಂಥವೇ.

ಹಾಗಾದರೆ ಫ್ಯಾಮಿಲಿಸರ್ಚ್ ಯಾರಿಗೆ? ಪೂರ್ವಜರ ಹೆಸರು ಚರ್ಚಿನ ವಹಿಯಲ್ಲಿ ಇರುವವರಿಗೆ, ಹರಿದ್ವಾರದ ಪಂಡಾಗಳ ಬಹಿಯಲ್ಲಿ ಹೆಸರು ಬರೆಸಿದ ಮನೆತನಗಳಿಗೆ, ಹೊರದೇಶದಲ್ಲಿ ಕವಲು ಇರುವವರಿಗೆ. ಬಳಸಲು ಉಚಿತ. ಆದರೆ ಅಲ್ಲಿರುವುದು ಎಲ್ಲರೂ ತಿದ್ದಬಹುದಾದ ಒಂದೇ ಮರ. ನೀವು ದಾಖಲೆ ನೋಡಿ ಹಾಕಿದ್ದನ್ನು ಇನ್ನೊಬ್ಬರು ಊಹೆಯಿಂದ ಬದಲಿಸಬಹುದು. ಅದನ್ನು ನಡೆಸುವುದು ಅಮೆರಿಕದ ಮಾರ್ಮನ್ ಚರ್ಚ್, ತೀರಿಹೋದ ಪೂರ್ವಜರ ಹೆಸರಿನಲ್ಲಿ ತಮ್ಮ ಧಾರ್ಮಿಕ ವಿಧಿ ನಡೆಸುವುದು ಅವರ ಆಚರಣೆ. ಇದನ್ನು ತಿಳಿದೇ ಹೆಸರು ಹಾಕುವುದು ಮೇಲು. ಮರವನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಸೋದರಮಾವನಿಗೆ ಕೊಟ್ಟ ಮದುವೆಗಳನ್ನು ಹಾಕುವಾಗ ಮಾತ್ರ ಎಚ್ಚರ: ಅಲ್ಲಿ ತಂದೆಯ ತಂದೆತಾಯಿಯೇ ತಾಯಿಯ ಅಜ್ಜಅಜ್ಜಿ. ಅವರನ್ನು ಎರಡು ಸಲ ಹೊಸದಾಗಿ ಸೇರಿಸದೆ ಇರುವ ಹೆಸರಿಗೇ ಕೊಂಡಿ ಹಾಕಿ. ಡಿಎನ್‌ಎ ಪರೀಕ್ಷೆ ಇಂಥ ಮದುವೆಗಳು ಹಲವು ತಲೆಮಾರು ನಡೆದ ಮನೆಗಳಲ್ಲಿ ದೂರದ ನೆಂಟರನ್ನು ತೀರಾ ಹತ್ತಿರದವರಂತೆ ತೋರಿಸುತ್ತದೆ, ಅದನ್ನು ನಂಬಿ ಕವಲು ಜೋಡಿಸಬೇಡಿ.

ಕಾಗದ ಪೂರ್ತಿ ಮುಗಿದ ಮೇಲೆ ಉಳಿಯುವುದು ಹೆಳವರು. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಿಗೆ ಇಂದಿಗೂ ಅವರದೇ ಆದ ಹೆಳವರ ಮನೆ ಇದೆ. ಎತ್ತಿನೊಂದಿಗೆ ಬಾಗಿಲಿಗೆ ಬಂದು ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಏರಿಸಿ ಕಾಳುಕಡಿ, ಕಾಣಿಕೆ ಪಡೆದು ಹೋಗುತ್ತಾರೆ. ಊರು ಬಿಟ್ಟು ಪಟ್ಟಣ ಸೇರಿದ ಮನೆಯವರು ಅವರ ಪುಸ್ತಕದಿಂದಲೂ ಕೈಬಿಟ್ಟುಹೋಗಿರುತ್ತಾರೆ. ಊರಲ್ಲಿರುವ ದಾಯಾದಿಗಳಿಗೆ ಹೇಳಿಟ್ಟು, ಅವರು ಬಂದ ದಿನ ಹೋಗಿ. ಹೇಳುವುದನ್ನು ಅನುಮತಿ ಕೇಳಿ ಧ್ವನಿಮುದ್ರಣ ಮಾಡಿ, ಮಧ್ಯೆ ಪ್ರಶ್ನೆ ಹಾಕಿ ತಡೆಯಬೇಡಿ. ಸರಣಿ ತಪ್ಪಿದರೆ ಮತ್ತೆ ಮೊದಲಿಂದ ಹೇಳಬೇಕಾಗಬಹುದು. ಕಾಣಿಕೆಯಲ್ಲಿ ಕೈ ಹಿಡಿಯಬೇಡಿ, ತಲೆಮಾರುಗಳ ದುಡಿಮೆಯ ಫಲ ಅದು. ಮನೆಗೆ ಬಂದು ಆ ಹೆಸರುಗಳನ್ನು ಎಂ.ಆರ್. ನಕಲಿನ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಕಂಡ ಹೆಸರುಗಳನ್ನು ಶಾಯಿಯಲ್ಲಿ, ಅದರ ಮೇಲಿನವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಖೇತವಾರಿನ ನಕಲು ಕೈಸೇರಿದ ದಿನ ಆ ಪೆನ್ಸಿಲ್ ಗೆರೆಗಳಲ್ಲಿ ಒಂದೆರಡನ್ನು ತಿದ್ದಿ ಬರೆಯಬೇಕಾಗಿ ಬರುತ್ತದೆ.